ಬಹ್ರೈನಿನ ವಸತಿಪ್ರದೇಶಗಳಲ್ಲಿ ಜೇನ್ನೊಣಗಳ ಮರಣ

ಮನೆಯ ಅಂಗಳ, ಮಹಡಿಯ ಮೊಗಸಾಲೆ, ಕಿಟಕಿಯ ಕಟ್ಟೆ, ಉದ್ಯಾನದ ಕಾಲುದಾರಿ ಮೊದಲಾದ ಎಡೆಗಳಲ್ಲಿ ಜೇನ್ನೊಣಗಳು ಒಂಟಿಯಾಗಿಯೋ ರಾಶಿರಾಶಿಯಾಗಿಯೋ ಸತ್ತು ಬೀಳುವ ಸಂಗತಿಯೂ ಅದರ ನೈಸರ್ಗಿಕ ಹಾಗೂ ಮಾನವಕೃತ ಕಾರಣಗಳೂ ಈ ಲೇಖನದ ವಿಷಯ. ಸೌದಿ ಅರೇಬಿಯದ ಪೂರ್ವತೀರಕ್ಕೂ ಕತಾರ್ ಪರ್ಯಾಯದ್ವೀಪಕ್ಕೂ ನಡುವೆ ಕೊಲ್ಲಿಯಲ್ಲಿ ನೆಲೆಗೊಂಡಿರುವ ಬಹ್ರೈನ್ ಸುಮಾರು ೭೮೦ ಚದರ ಕಿಲೋಮೀಟರ್ ವಿಸ್ತೀರ್ಣದ ದ್ವೀಪಸಮೂಹ. ವರ್ಷಕ್ಕೆ ಸರಾಸರಿ ೭೦ರಿಂದ ೮೦ ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ, ಅದೂ ಚಳಿಗಾಲದ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವ ಈ ನೆಲದಲ್ಲಿ ಹೂವೆಂಬುದು ಬಹುಮಟ್ಟಿಗೆ ಮನುಷ್ಯನು ನೀರೆರೆದ ಕಡೆಯಲ್ಲಿಯೇ ಅರಳತಕ್ಕದ್ದು. ಕೊಡಗಿನ ಅಥವಾ ಶಿರಸಿಯ ಜೇನು ಕಾಡಿನ ಜೀವಿಯಾಗಿದ್ದು ಊರಿಗೆ ಆಗಾಗ ಬಂದುಹೋಗುವ ಅತಿಥಿಯಾದರೆ, ಬಹ್ರೈನಿನ ಜೇನು ಹುಟ್ಟಿದಂದಿನಿಂದಲೇ ಊರೊಟ್ಟಿನ ನೆರೆಯದು. ಆದಕಾರಣ ಅದರ ಬಾಳಿನಂತೆ ಸಾವೂ ಗೃಹಸ್ಥನ ದಿನಚರಿಯೊಡನೆ ಹೆಣೆದುಕೊಂಡಿದೆ. ಸಾವಿನ ಕಾರಣವನ್ನು ಅರಸುವವನು ದೂರದ ಅದ್ಭುತಗಳಿಗೆ ಕೈಚಾಚುವ ಮುನ್ನ ತನ್ನ ಕೇರಿಯ ನಲ್ಲಿ, ಸಿಂಪರಣೆ ಮತ್ತು ದೀಪಗಳನ್ನು ನೋಡಿಕೊಳ್ಳುವುದು ಉಚಿತ.

ಜಾತಿಗಳು: ಇಲ್ಲಿ ‘ಜೇನ್ನೊಣ’ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಕೀಟಗಳು ಹಲವು. ಪೆಟ್ಟಿಗೆಗಳಲ್ಲಿ ಸಾಕಲ್ಪಡುವುದು ಏಪಿಸ್ ಮೆಲ್ಲಿಫೆರ ಎಂಬ ಜಾತಿ. ಅದರ ಯೆಮನಿ ತಳಿಯು ಅರಬ್ ಪರ್ಯಾಯದ್ವೀಪದ ಉಷ್ಣಕ್ಕೆ ಹೊಂದಿಕೊಂಡದ್ದಾದರೂ, ಕೊಲ್ಲಿಯ ನಾಡುಗಳಿಗೆ ಈಜಿಪ್ಟಿನಿಂದಲೂ ಜೇನುಕುಟುಂಬಗಳನ್ನು ತರಿಸುವ ವಾಡಿಕೆಯುಂಟು. ಎರಡನೆಯದು ಏಪಿಸ್ ಫ್ಲೋರಿಯ, ಎಂದರೆ ಕನ್ನಡನಾಡಿನ ಹೊಲದ ಬೇಲಿಗಳಲ್ಲಿ ಸುಪರಿಚಿತವಾದ ಕೋಲುಜೇನು. ಕೊಲ್ಲಿಯ ಊರುಗಳ ತೋಟಗಳಲ್ಲಿ ಕಾಣಸಿಗುವ ಈ ಪುಟ್ಟ ಜೇನು ಪ್ರಯಾಣದಲ್ಲಿ ಪಳಗಿದ ಜೀವಿ: ೧೯೮೫ರಲ್ಲಿ ಸೂಡಾನಿನ ಖಾರ್ಟೂಮಿನಲ್ಲಿಯೂ ೨೦೦೭ರಲ್ಲಿ ಜೋರ್ಡಾನಿನ ಅಕಬಾ ಬಂದರಿನಲ್ಲಿಯೂ ಹೊಸದಾಗಿ ಕಾಣಿಸಿಕೊಂಡು, ಎರಡೆಡೆಗಳಲ್ಲಿಯೂ ನೆಲೆಯೂರಿತು. ಕಾಗದದ ಹೂವಿನ ಬಳ್ಳಿಯೊಳಗೋ ಬೇವಿನ ಕೊಂಬೆಯಲ್ಲಿಯೋ ಅಂಗೈಯಗಲದ ಒಂದೇ ಎರಿಯನ್ನು ಇಳಿಬಿಟ್ಟು, ಕೆಲಸಗಾರ ನೊಣಗಳು ಒಂದರ ಮೇಲೊಂದು ಪದರವಾಗಿ ಕವಿದು ತಮ್ಮ ಮೈಗಳನ್ನೇ ಗೋಡೆಯಾಗಿಸುತ್ತವೆ. ಹತ್ತಿರ ನೆರಳಾಡಿದರೆ ಆ ಜೀವಂತ ಪರದೆಯ ಮೇಲೆ ಅಲೆಯೊಂದು ಸರ್ರನೆ ಹರಿದು ಹೋಗುತ್ತದೆ. ಎರಿಯ ಕಡ್ಡಿಯ ಎರಡು ತುದಿಗಳಿಗೂ ಇರುವೆಗಳು ದಾಟದಂತೆ ಅಂಟು ಬಳಿದಿರುತ್ತದೆ. ಇವೆರಡರ ಹೊರತಾಗಿ ಮರವನ್ನು ಕೊರೆಯುವ ದಪ್ಪ ದುಂಬಿಗಳೂ ಎಲೆ ಕತ್ತರಿಸಿ ಗೂಡುಮಾಡುವ ಒಂಟಿ ಜೇನುಗಳೂ ಉಂಟು. ಸತ್ತದ್ದು ಯಾವುದೆಂದು ಮೊದಲು ಅರಿಯದೆ ಹೋದರೆ ಕಾರಣದ ವಿಚಾರ ಬುಡದಲ್ಲಿಯೇ ತಪ್ಪುತ್ತದೆ.

ಸಹಜ ಮರಣ: ಜೇನ್ನೊಣದ ಸಾವೆಲ್ಲ ಅಪಘಾತವಲ್ಲ. ದುಡಿಮೆಯ ಕಾಲದಲ್ಲಿ ಮೆಲ್ಲಿಫೆರ ಕೆಲಸಗಾರ ನೊಣದ ಆಯಸ್ಸು ಐದಾರು ವಾರ ಮಾತ್ರ. ರಾಣಿಯು ಸಮೃದ್ಧಿಯ ದಿನಗಳಲ್ಲಿ ದಿನವೊಂದಕ್ಕೆ ಸಾವಿರದೈನೂರರವರೆಗೂ ತತ್ತಿಯಿಡುವುದರಿಂದ, ಹತ್ತಾರು ಸಾವಿರ ನೊಣಗಳ ಕುಟುಂಬದಲ್ಲಿ ನಿತ್ಯವೂ ನೂರಾರು ಮುದಿನೊಣಗಳು ತೀರಿಕೊಳ್ಳುವುದು ಲೆಕ್ಕಕ್ಕೆ ಸಲ್ಲುವ ಮಾತೇ ಆಗಿದೆ. ಅವುಗಳಲ್ಲಿ ಬಹುಪಾಲು ರೆಕ್ಕೆ ಸವೆದು ಬಯಲಿನಲ್ಲಿಯೇ ಮಡಿಯುತ್ತವೆ. ಗೂಡಿನೊಳಗೆ ಸತ್ತವುಗಳನ್ನು ಹೊತ್ತೊಯ್ದು ದೂರ ಎಸೆಯುವುದಕ್ಕೆ ಶವವಾಹಕ ನೊಣಗಳೇ ಇವೆ. ಮಕರಂದದ ಬರಗಾಲ ಬಂದಾಗ ಗಂಡುನೊಣಗಳನ್ನು ಕೆಲಸಗಾರ ನೊಣಗಳು ಎಳೆದು ಹೊರಹಾಕುವುದುಂಟು. ಮನುಷ್ಯನನ್ನು ಕುಟುಕಿದ ಕೆಲಸಗಾರ ನೊಣ, ಮುಳ್ಳು ಚರ್ಮದಲ್ಲಿಯೇ ಸಿಕ್ಕಿಕೊಳ್ಳುವ ಕಾರಣ, ಸಾಯುವುದು ಎಲ್ಲರಿಗೂ ತಿಳಿದದ್ದೇ. ಆದಕಾರಣ ಪೆಟ್ಟಿಗೆಯ ಮುಂದೆಯೋ ಎರಿಯ ಕೆಳಗೆಯೋ ದಿನಕ್ಕೆ ಕೆಲವು ನೊಣಗಳು ಸತ್ತು ಬಿದ್ದರೆ ಅದು ಕುಟುಂಬದ ಕ್ಷೇಮದ ಲಕ್ಷಣವೆಂದೇ ಎಣಿಸಬಹುದು. ಒಂದೇ ಹಗಲಿನಲ್ಲಿ ನೆಲ ಮುಚ್ಚುವಷ್ಟು ಬಿದ್ದಾಗ ಮಾತ್ರ ಬೇರೆ ಕಾರಣವನ್ನು ಶೋಧಿಸಬೇಕು.

ತಾಪ ಮತ್ತು ಜಲಾಭಾವ: ಜೇನುಮರಿಗಳು ಕ್ಷೇಮವಾಗಿ ಬೆಳೆಯಲು ಗೂಡಿನ ನಡುಭಾಗದ ಉಷ್ಣತೆಯು ೩೪–೩೫ ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ಇರಬೇಕು. ಹೊರಗಿನ ತಾಪ ಇದನ್ನು ಮೀರಿದಾಗ ನೊಣಗಳು ನೀರನ್ನು ತಂದು ಎರಿಯ ಕಣ್ಣುಗಳ ಅಂಚಿಗೆ ಸವರಿ, ನಾಲಿಗೆಯ ಮೇಲೆ ತೆಳ್ಳಗೆ ಹರಡಿ, ರೆಕ್ಕೆಗಳಿಂದ ಬೀಸಿ ಆರಿಸುತ್ತವೆ. ನಮ್ಮ ಮಣ್ಣಿನ ಹೂಜಿ ತಣ್ಣಗಾಗುವ ತತ್ತ್ವವೇ ಇದು. ಜರ್ಮನಿಯ ವಿಜ್ಞಾನಿ ಮಾರ್ಟಿನ್ ಲಿಂಡಾವರ್ ೧೯೫೦ರ ದಶಕದಲ್ಲಿ ಇಟಲಿಯ ಕಾದ ಲಾವಾನೆಲದ ಮೇಲೆ ಪೆಟ್ಟಿಗೆಯನ್ನಿಟ್ಟು, ನೀರು ದೊರೆಯುತ್ತಿರುವವರೆಗೆ ನೊಣಗಳು ಒಳಗಿನ ತಾಪವನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲವೆಂದು ತೋರಿಸಿದನು. ಬಹ್ರೈನಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಉಷ್ಣತೆ ಹಲವು ದಿನ ೪೦ ಡಿಗ್ರಿಯನ್ನು ದಾಟುತ್ತದೆ. ಅದರೊಡನೆ ಸುತ್ತಲ ಕಡಲಿನ ಆರ್ದ್ರತೆ ಕೂಡಿಕೊಂಡು, ಒಣಹವೆಯ ಮರುಭೂಮಿಯಲ್ಲಿ ಸುಲಭವಾಗಿ ಫಲಿಸುವ ಈ ಉಪಾಯವನ್ನು ಅರ್ಧಕ್ಕೆ ನಿಷ್ಫಲಗೊಳಿಸುತ್ತದೆ. ತೇವ ತುಂಬಿದ ಗಾಳಿಯಲ್ಲಿ ನೀರು ಬೇಗ ಆರದು. ಆರದ ನೀರು ತಂಪನ್ನೀಯದು. ಬಿಸಿಲಿಗೆ ಒಡ್ಡಿದ ಪೆಟ್ಟಿಗೆಯಲ್ಲಿ ಮೇಣವು ೬೩ ಡಿಗ್ರಿಯ ಸುಮಾರಿಗೆ ಕರಗುವುದಾದರೂ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ, ತುಪ್ಪದ ಭಾರಕ್ಕೆ ಎರಿ ಕುಸಿದು ನೊಣಗಳನ್ನು ಅದುಮಿ ಮುಳುಗಿಸುತ್ತದೆ. ಕೋಲುಜೇನಿಗೆ ಮತ್ತೊಂದು ಮಾರ್ಗವಿದೆ: ಚಳಿಗಾಲದಲ್ಲಿ ಬಿಸಿಲಿನ ಕಡೆಗೂ ಬೇಸಿಗೆಯಲ್ಲಿ ಗಾಢ ನೆರಳಿಗೂ ಅದು ವಲಸೆ ಹೋಗುತ್ತದೆ. ಆದರೆ ಬೇಲಿಯನ್ನು ಬೇಸಿಗೆಯ ನಡುವೆ ಬೋಳಾಗಿ ಸವರಿದರೆ ನೆರಳು ಕಳೆದುಕೊಂಡ ಎರಿ ಒಂದೆರಡು ಮಧ್ಯಾಹ್ನಗಳಲ್ಲಿಯೇ ಬರಿದಾಗುವುದು.

ನೀರಿನ ಕಥೆ ಈ ದ್ವೀಪದಲ್ಲಿ ಹಳೆಯದು. ಉತ್ತರದ ತೋಟಗಳನ್ನು ಶತಮಾನಗಳ ಕಾಲ ಸಾಕಿದ ಸಿಹಿನೀರಿನ ಬುಗ್ಗೆಗಳು, ಭೂಗರ್ಭದ ನೀರನ್ನು ಮಿತಿಮೀರಿ ಎತ್ತಿದ ಕಾರಣ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಷೀಣಿಸಿ ಬತ್ತಿದವು; ಉಳಿದ ಅಂತರ್ಜಲಕ್ಕೆ ಉಪ್ಪು ಸೇರಿತು. ಅವುಗಳಲ್ಲಿ ಸುಪ್ರಸಿದ್ಧವಾದ ಅಧಾರಿ ಬುಗ್ಗೆಯ ನೀರು ಕಾಲುವೆಗಳಲ್ಲಿ ಹರಿದು ದೂರದ ತೋಟಗಳಿಗೆ ಉಣಿಸುತ್ತಿದ್ದುದರಿಂದ, ‘ಅಧಾರಿ ದೂರದವರಿಗೆ ನೀರೂಡಿ ಹತ್ತಿರದವರನ್ನು ಬಿಟ್ಟಿತು’ ಎಂಬ ಗಾದೆ ಅಲ್ಲಿಯ ಜನರ ಬಾಯಲ್ಲಿ ಈಗಲೂ ಇದೆ. ಇಂದು ಜೇನಿಗೆ ಒದಗುವ ನೀರು ಬೇರೆ ಬಗೆಯದು: ಹನಿ ನೀರಾವರಿಯ ಕೊಳವೆ, ರಸ್ತೆಬದಿಯ ಹಸುರಿಗೆ ಹಾಯಿಸುವ ಶುದ್ಧೀಕರಿಸಿದ ತ್ಯಾಜ್ಯಜಲ, ಈಜುಕೊಳ, ಹವಾನಿಯಂತ್ರಕದ ಹಿಂಬದಿಯ ಹನಿ. ಮನಾಮಾದ ಹಳೆಯ ಗಲ್ಲಿಯೊಂದರಲ್ಲಿ ಆಗಸ್ಟಿನ ನಡುಹಗಲು ನಿಂತು ನೋಡಿದರೆ, ಗೋಡೆಗೆ ತಾಗಿದ ಯಂತ್ರದ ರಬ್ಬರು ಕೊಳವೆಯ ಕೆಳಗೆ ಪಾಚಿಗಟ್ಟಿದ ಒಂದು ಗೇಣು ತೇವದ ಸುತ್ತ ಹತ್ತಿಪ್ಪತ್ತು ನೊಣಗಳು ಹೊಟ್ಟೆಯನ್ನು ಮಿಡಿಸುತ್ತ ಕುಳಿತು ನೀರು ಹೀರುವುದು ಕಾಣುತ್ತದೆ; ಕಾವಲಿಯಂತೆ ಕಾದ ಸಿಮೆಂಟಿನ ಮೇಲೆ ಆ ತೇವದ ಅಂಚಿನಲ್ಲಿಯೇ ಒಂದೆರಡು ಸತ್ತೂ ಬಿದ್ದಿರುತ್ತವೆ. ಈಜುಕೊಳದಲ್ಲಿಯಾದರೋ ಕಾಲೂರಲು ಎಡೆಯಿಲ್ಲದ ನುಣ್ಣನೆಯ ಅಂಚಿನಿಂದ ಜಾರಿ ಮುಳುಗಿದವುಗಳನ್ನು ಬೆಳಗಿನ ಹೊತ್ತು ಬಲೆಯಲ್ಲಿ ಬಾಚಿ ತೆಗೆಯುವುದು ನಿತ್ಯದ ಕೆಲಸ.

ವಿಷಪ್ರಯೋಗ: ಒಮ್ಮೆಗೇ ಸಂಭವಿಸುವ ಸಾಮೂಹಿಕ ಮರಣಕ್ಕೆ ಪ್ರಪಂಚದ ಎಲ್ಲೆಡೆಗಳಲ್ಲಿಯಂತೆ ಇಲ್ಲಿಯೂ ಮೊದಲು ಶಂಕಿಸಬೇಕಾದದ್ದು ಕೀಟನಾಶಕ. ಅದು ಮೂರು ದಾರಿಗಳಿಂದ ಬರುತ್ತದೆ. ಮೊದಲನೆಯದು ಖರ್ಜೂರದ ತೋಟ. ಖರ್ಜೂರದ ಮರಕ್ಕೆ ಜೇನಿನ ಹಂಗಿಲ್ಲ. ಅದರ ಪರಾಗವನ್ನು ಮನುಷ್ಯನೇ ಗಂಡುಮರದಿಂದ ಕೊಯ್ದು ಹೆಣ್ಣುಗೊನೆಗೆ ಕಟ್ಟುತ್ತಾನೆ. ಆದರೆ ಜೇನಿಗೆ ಖರ್ಜೂರದ ಹಂಗುಂಟು: ವಸಂತದಲ್ಲಿ ಗಂಡುಹೊಂಬಾಳೆಯ ಪರಾಗವನ್ನೂ, ಬೇಸಿಗೆಯ ಕೊನೆಗೆ ಬಿರಿದ ಹಣ್ಣಿನ ರಸವನ್ನೂ ಅದು ಅರಸಿ ಬರುತ್ತದೆ. ೧೯೮೦ರ ದಶಕದಲ್ಲಿ ಕೊಲ್ಲಿಯ ನಾಡುಗಳನ್ನು ಹೊಕ್ಕ ಕೆಂಪು ಮೂತಿಹುಳುವಿನ ವಿರುದ್ಧವೂ, ಗರಿಗಳ ರಸ ಹೀರಿ ಜಿಗುಟಾದ ಸಿಹಿದ್ರವವನ್ನು ಸೂಸುವ ದುಬಾಸ್ ಎಂಬ ತಿಗಣೆಯ ವಿರುದ್ಧವೂ ಹೊಡೆಯುವ ಔಷಧಿ ಮರದ ಬುಡದ ಕುದುರೆಮೆಂತೆಯ ನೇರಿಳೆ ಹೂವಿನ ಮೇಲೂ ಬೀಳುವುದರಿಂದ, ತೋಟದ ಶತ್ರುವಿಗೆ ಇಟ್ಟ ಗುರಿ ತೋಟದ ಅತಿಥಿಗೆ ತಗಲುತ್ತದೆ.

ಎರಡನೆಯದು ಸೊಳ್ಳೆಗಳನ್ನು ಕೊಲ್ಲಲು ಬಿಡುವ ಔಷಧಿಯ ಹೊಗೆ. ಪೆಟ್ಟಿಗೆಯ ಜೇನಿಗೆ ಮರದ ಗೋಡೆಯಾದರೂ ಇದೆ. ಬಯಲಿನಲ್ಲಿ ತೂಗುವ ಕೋಲುಜೇನಿನ ಎರಿಗೆ ನೊಣಗಳ ಮೈಯೇ ಗೋಡೆಯಾಗಿರುವ ಕಾರಣ, ಮಂಜಿನಂತೆ ಹರಡುವ ಔಷಧಿ ಹಗಲಿರುಳೆನ್ನದೆ ನೇರವಾಗಿ ಅವುಗಳನ್ನೇ ಮುಟ್ಟುತ್ತದೆ. ಮೂರನೆಯದು ಮನೆಯೊಳಗಿನ ಡಬ್ಬಿ. ಬಳ್ಳಿಯಲ್ಲಿ ಜೇನು ಕಟ್ಟಿತೆಂದು ಹೆದರಿ ಜಿರಲೆಯ ಔಷಧಿಯನ್ನು ಚಿಮ್ಮಿಸುವವರೂ, ಕುಂಡದ ದಾಸವಾಳಕ್ಕೆ ಬಿಳಿಹುಳು ಹತ್ತಿತೆಂದು ಹೂವಿರುವಾಗಲೇ ಸಿಂಪಡಿಸುವವರೂ ಪ್ರತಿಯೊಂದು ಕೇರಿಯಲ್ಲಿಯೂ ಉಂಟು. ಇಮಿಡಾಕ್ಲೋಪ್ರಿಡ್ ಮುಂತಾದ ನಿಯೋನಿಕೋಟಿನಾಯ್ಡ್ ವರ್ಗದ ಔಷಧಿಗಳು ಬೇರಿಗೆ ಹಾಕಿದರೂ ಗಿಡದ ರಸದಲ್ಲಿ ಬೆರೆತು ಮಕರಂದಕ್ಕೂ ಪರಾಗಕ್ಕೂ ಏರತಕ್ಕವಾದುದರಿಂದ, ಹೂವಿನ ಮೇಲೆ ಏನನ್ನೂ ಹೊಡೆದಿಲ್ಲವೆಂಬ ಸಮಾಧಾನಕ್ಕೂ ಆಧಾರವಿಲ್ಲ.

ಇಂಥ ಮರಣ ಎಷ್ಟರಮಟ್ಟಿಗೆ ಹೋಗಬಲ್ಲದೆಂಬುದಕ್ಕೆ ಹೊರನಾಡಿನ ಎರಡು ಘಟನೆಗಳು ನಿದರ್ಶನ. ೨೦೦೮ರ ವಸಂತದಲ್ಲಿ ಜರ್ಮನಿಯ ರೈನ್ ನದಿಯ ಮೇಲ್ಕಣಿವೆಯಲ್ಲಿ ಮುಸುಕಿನ ಜೋಳದ ಬೀಜಕ್ಕೆ ಲೇಪಿಸಿದ್ದ ಕ್ಲೋಥಿಯಾನಿಡಿನ್, ಬಿತ್ತನೆಯ ಯಂತ್ರದಿಂದ ದೂಳಾಗಿ ಹಾರಿ ಅಕ್ಕಪಕ್ಕದ ಹೂಗಳ ಮೇಲೆ ಕುಳಿತು, ೧೧,೦೦೦ಕ್ಕೂ ಮಿಕ್ಕ ಜೇನುಕುಟುಂಬಗಳನ್ನು ಹಾನಿಗೀಡುಮಾಡಿತು. ೨೦೧೩ರ ಜೂನಿನಲ್ಲಿ ಅಮೆರಿಕದ ಆರೆಗನ್ ಸಂಸ್ಥಾನದ ವಿಲ್ಸನ್‌ವಿಲ್ ಪಟ್ಟಣದಲ್ಲಿ, ಅಂಗಡಿಯೊಂದರ ವಾಹನನಿಲುಗಡೆಯ ಲಿಂಡನ್ ಮರಗಳು ಹೂಬಿಟ್ಟಿದ್ದಾಗ ಗಿಡಹೇನಿನ ನಿವಾರಣೆಗೆಂದು ಡೈನೋಟೆಫ್ಯುರಾನ್ ಸಿಂಪಡಿಸಿದ ಫಲವಾಗಿ ೫೦,೦೦೦ಕ್ಕೂ ಹೆಚ್ಚು ಬಂಬಲ್ ದುಂಬಿಗಳು ನೆಲಕ್ಕುರುಳಿದವು. ಮಿಕ್ಕವನ್ನು ಉಳಿಸಲು ಮರಗಳಿಗೇ ಬಲೆ ಹೊದಿಸಬೇಕಾಯಿತು. ಐರೋಪ್ಯ ಒಕ್ಕೂಟವು ೨೦೧೮ರಲ್ಲಿ ಈ ವರ್ಗದ ಮೂರು ಮುಖ್ಯ ಔಷಧಿಗಳ ಬಯಲು ಬಳಕೆಯನ್ನು ನಿಷೇಧಿಸಿತು.

ಶತ್ರುಗಳು: ಖರ್ಜೂರ ಮಾಗುವ ಕಾಲಕ್ಕೆ ಪ್ರಬಲವಾಗುವ ವೆಸ್ಪ ಓರಿಯೆಂಟಾಲಿಸ್ ಎಂಬ ಕಡಜ, ಕೆಂಗಂದು ಮೈಗೆ ಹಳದಿ ಪಟ್ಟೆ ತೊಟ್ಟು, ಜೇನುಪೆಟ್ಟಿಗೆಯ ಬಾಗಿಲಲ್ಲಿ ಹೊಂಚುಹಾಕುತ್ತದೆ, ಮರಳಿಬರುವ ನೊಣವನ್ನು ಹಿಡಿದು, ತಲೆ ಹೊಟ್ಟೆ ರೆಕ್ಕೆಗಳನ್ನು ಕತ್ತರಿಸಿ, ಎದೆಯ ಮಾಂಸವನ್ನಷ್ಟೇ ಉಂಡೆಮಾಡಿ ತನ್ನ ಮರಿಗಳಿಗೆ ಒಯ್ಯುತ್ತದೆ. ನೆಲದ ಮೇಲೆ ಇಡಿಯ ಶವಕ್ಕೆ ಬದಲಾಗಿ ತಲೆಯೂ ರೆಕ್ಕೆಯೂ ಬೇರೆಬೇರೆಯಾಗಿ ಚದುರಿದ್ದರೆ ಇದೇ ಅಪರಾಧಿ. ವಸಂತ ಮತ್ತು ಶರತ್ಕಾಲಗಳಲ್ಲಿ ದ್ವೀಪದ ಮೇಲೆ ಹಾದುಹೋಗುವ ಐರೋಪ್ಯ ಹಾಗೂ ನೀಲಿಗೆನ್ನೆಯ ಕಳ್ಳಿಪೀರಗಳು ತಂತಿಯ ಮೇಲೆ ಕುಳಿತು ನೊಣವನ್ನು ಹಾರುವಾಗಲೇ ಹಿಡಿದು, ಮುಳ್ಳು ಕಳೆಯಲು ಕೊಂಬೆಗೆ ಉಜ್ಜಿ ನುಂಗುತ್ತವೆ. ಹಕ್ಕಿ ತಿಂದ ನೊಣ ಅಂಗಳದಲ್ಲಿ ಬೀಳದಾದ ಕಾರಣ, ನೆಲದ ಮೇಲಿನ ರಾಶಿಯನ್ನು ಅವುಗಳ ತಲೆಗೆ ಕಟ್ಟುವುದು ಅನ್ಯಾಯ.

ರೋಗಗಳು: ವರೋವಾ ನುಸಿಯು ಮೂಲತಃ ಏಷ್ಯದ ತುಡುವೆಜೇನಿನ ಪರಾವಲಂಬಿ, ೧೯೦೪ರಲ್ಲಿ ಅದನ್ನು ಜಾವಾದ್ವೀಪದ ಮಾದರಿಗಳಿಂದ ಮೊದಲು ವರ್ಣಿಸಲಾಯಿತು, ಮೆಲ್ಲಿಫೆರವನ್ನು ಕಾಡುವ ಪ್ರಭೇದಕ್ಕೆ ೨೦೦೦ದಲ್ಲಿ ‘ವರೋವಾ ಡಿಸ್ಟ್ರಕ್ಟರ್’ ಎಂಬ ಪ್ರತ್ಯೇಕ ನಾಮಕರಣವಾಯಿತು. ಪೆಟ್ಟಿಗೆಗಳ ವ್ಯಾಪಾರದೊಡನೆ ಲೋಕವನ್ನು ಸುತ್ತಿದ ಈ ನುಸಿ ಮರಿಗಳ ಮೈಗೆ ಹತ್ತಿ ವೈರಸ್ಸನ್ನು ದಾಟಿಸುವುದರಿಂದ, ಸುಕ್ಕುಗಟ್ಟಿದ ಮೊಂಡು ರೆಕ್ಕೆಯ ನೊಣಗಳು ಹುಟ್ಟಿ, ಹಾರಲಾರದೆ ಪೆಟ್ಟಿಗೆಯ ಮುಂದೆ ತೆವಳಿ ಸಾಯುತ್ತವೆ. ಕರುಳಿನ ನೊಸೆಮಾ ರೋಗವೂ, ದುರ್ಬಲ ಕುಟುಂಬದ ಎರಿಯನ್ನು ಜಾಲಗಟ್ಟಿ ತಿನ್ನುವ ಮೇಣದ ಹುಳುವೂ ಇದಕ್ಕೆ ಜೊತೆಗೂಡುವುದುಂಟು. ಹೊರಗಿನಿಂದ ಬಂದ ರೋಗ ಒಂದು ನಾಡಿನ ಜೇನನ್ನೇ ಅಳಿಸಬಲ್ಲದೆಂಬುದನ್ನು ಕನ್ನಡಿಗರು ಬಲ್ಲರು: ೧೯೯೧–೯೨ರಲ್ಲಿ ದಕ್ಷಿಣಭಾರತವನ್ನು ಹೊಕ್ಕ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗವು, ಜೇನುತುಪ್ಪಕ್ಕೆ ಹೆಸರಾದ ಕೊಡಗಿನಲ್ಲಿಯೂ ಮಲೆನಾಡು ಕರಾವಳಿಗಳಲ್ಲಿಯೂ ತುಡುವೆಯ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಬರಿದುಮಾಡಿತು. ಪರದೇಶದ ಕುಟುಂಬಗಳನ್ನು ತರಿಸಿಕೊಳ್ಳುವ ದ್ವೀಪಕ್ಕೆ ಈ ಪಾಠ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹಸಿವು, ದೀಪ, ಗಾಜು: ದಕ್ಷಿಣದ ಮರಳಿನಲ್ಲಿ ಒಂಟಿಯಾಗಿ ನಿಂತಿರುವ, ಸುಮಾರು ನಾನ್ನೂರು ವರ್ಷದ್ದೆಂದು ಹೇಳಲಾಗುವ ‘ಜೀವವೃಕ್ಷ’ವು ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯ ಜಾತಿಯದೇ ಆಗಿದೆ, ಅಂಥ ಮರಗಳೂ, ಬೋರೆಯ ಬಳಗದ ಸಿದ್ರ್ ಮರವೂ ಹೂಬಿಡುವ ಕಾಲ ಮುಗಿದ ಬಳಿಕ ಜೇನಿಗೆ ಉಳಿಯುವುದು ಬುದೈಯಾ ಸೀಮೆಯ ತೋಟಗಳೂ ಮನೆಗಳ ಕುಂಡಗಳೂ ಮಾತ್ರ. ನೋಟಕ್ಕಾಗಿ ನೆಟ್ಟ ಕಾಗದದ ಹೂವಾಗಲಿ ಕಣಗಿಲೆಯಾಗಲಿ ಅದರ ಹೊಟ್ಟೆ ತುಂಬಿಸವು. ಒಂದು ನುಗ್ಗೆ, ಒಂದು ಬೇವು, ಹೂತೆನೆ ಚಿವುಟದೆ ಬಿಟ್ಟ ಒಂದು ತುಳಸಿ ಅದಕ್ಕಿಂತ ಮೇಲು. ಹಸಿದು ಸತ್ತ ನೊಣಗಳು ಬರಿದಾದ ಕಣ್ಣುಗಳೊಳಗೆ ತಲೆಯಿಟ್ಟುಕೊಂಡೇ ಇರುತ್ತವೆ. ಇರುಳಿನಲ್ಲಿ ಗೂಡಿನ ಬಳಿಯ ಪ್ರಖರವಾದ ದೀಪ, ಕೆಣಕಿದ ಅಥವಾ ರೋಗಪೀಡಿತ ನೊಣಗಳನ್ನು ತನ್ನೆಡೆಗೆ ಸೆಳೆದು ಬೆಳಗಿನ ತನಕ ಸುತ್ತಿಸಿ ಬೀಳಿಸುತ್ತದೆ. ಹಗಲಿನಲ್ಲಿ ಒಳಹೊಕ್ಕ ನೊಣ ಬೆಳಕಿರುವ ಕಡೆಯೇ ದಾರಿಯೆಂದು ನಂಬಿ ಮುಚ್ಚಿದ ಗಾಜಿಗೆ ಬಡಿದು ಬಡಿದು ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತದೆ. ಬಾನುಲಿ ಗೋಪುರಗಳೇ ಜೇನನ್ನು ಕೊಲ್ಲುತ್ತವೆಂಬ ಜನಪ್ರಿಯ ನಂಬಿಕೆಗೆ ಇಂಥ ಸ್ಪಷ್ಟವಾದ ಪುರಾವೆ ಒದಗಿಲ್ಲ.

ಕಾರಣನಿರ್ಣಯ: ಶವದ ಸ್ಥಿತಿಯೂ ಸ್ಥಳವೂ ಕಾಲವೂ ಕೂಡಿ ಕಾರಣವನ್ನು ನುಡಿಯುತ್ತವೆ. ನಾಲಿಗೆ ಹೊರಚಾಚಿ, ನಡುಗುತ್ತ, ತಿರುಗಣಿಯಂತೆ ಸುತ್ತುತ್ತ, ಒಂದೆರಡು ಗಂಟೆಗಳಲ್ಲಿ ನೂರಾರು ಸತ್ತರೆ ವಿಷ. ಹಿಂದಿನ ದಿನ ಸುತ್ತಮುತ್ತ ಯಾರು ಏನನ್ನು ಸಿಂಪಡಿಸಿದರೆಂದು ವಿಚಾರಿಸಬೇಕು. ಮೈ ಒದ್ದೆಯಾಗಿ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ ತಾಪ. ರೆಕ್ಕೆ ಮೊಂಡಾಗಿದ್ದರೆ ನುಸಿ; ತುದಿ ಹರಿದು ಚಿಂದಿಯಾಗಿದ್ದರೆ ಮುಪ್ಪು. ದೀಪದ ಕೆಳಗೆ ದಿನವೂ ಹತ್ತಾರು ಬಿದ್ದಿದ್ದರೆ ಗೂಡು ಸಮೀಪದಲ್ಲಿಯೇ ಇದೆ. ಪರೀಕ್ಷೆಗೆ ಕಳುಹಿಸುವುದಾದರೆ ಹೊಸದಾಗಿ ಸತ್ತವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂಪುಪೆಟ್ಟಿಗೆಯ ಹಿಮದ ಖಾನೆಯಲ್ಲಿಡಬೇಕು; ಬಿಸಿಲಿನಲ್ಲಿ ಒಂದು ಹಗಲು ಕಳೆದರೆ ವಿಷದ ಕುರುಹು ಕೆಡಬಹುದು.

ನಿವಾರಣೆ: ಮೇಲಿನ ಕಾರಣಗಳಲ್ಲಿ ಮುಪ್ಪು, ಕಡಜ, ಹಕ್ಕಿಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಬಹುಪಾಲು ಗೃಹಸ್ಥನ ಕೈಯಳತೆಯಲ್ಲಿಯೇ ಇವೆ. ಹೂವಿರುವ ಗಿಡಕ್ಕೆ ಔಷಧಿ ಹೊಡೆಯದಿರುವುದು, ಹೊಡೆಯಲೇಬೇಕಾದರೆ ಸೂರ್ಯಾಸ್ತದ ಮೇಲೆ ಹೊಡೆಯುವುದು, ಬೇಲಿಯ ಕತ್ತರಿಕೆಯನ್ನು ಚಳಿಗಾಲಕ್ಕೆ ಮುಂದೂಡುವುದು, ಮೊಗಸಾಲೆಯ ದೀಪವನ್ನು ಬೇಗ ಆರಿಸುವುದು, ಪೆಟ್ಟಿಗೆಗೆ ತಾಳೆಗರಿಯ ಚಪ್ಪರ ಹಾಕುವುದು, ಕಟ್ಟಿದ ಕೋಲುಜೇನನ್ನು ಕೆಣಕದೆ ಅದು ತಾನಾಗಿ ಎದ್ದುಹೋಗುವವರೆಗೆ ತಾಳುವುದು ಇವೇ ಮುಖ್ಯವಾದವು. ಅಧಾರಿಯ ನೀರು ಹತ್ತಿರದವರನ್ನು ಬಿಟ್ಟು ಹರಿಯಿತೆಂದು ಹಳಬರು ನೊಂದುಕೊಂಡರು. ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆಯಿಟ್ಟು, ಕಾಲೂರಲು ನಾಲ್ಕು ಬೆಣಚುಕಲ್ಲು ಹಾಕಿ, ಬೆಳಗ್ಗೆ ಒಂದು ತಂಬಿಗೆ ಸಿಹಿನೀರು ಹೊಯ್ದರೆ, ಕೊಳವೆಯ ಹನಿಗೆ ಕಾದು ಕುಳಿತ ಆ ಗಲ್ಲಿಯ ನೊಣಗಳು ಮಧ್ಯಾಹ್ನದೊಳಗೆ ಅಲ್ಲಿಗೆ ಬಂದಿರುತ್ತವೆ.